ಚುಕ್ಕಿಗಳ ಕಣಿವೆಯಲ್ಲಿ

ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಸಾಗುವ ದಾರಿಯಲ್ಲಿ ಗಿರಿಕಂದರಗಳ ಗಾಂಭೀರ್ಯವನ್ನು ನಿರೀಕ್ಷಿಸುವವನಿಗೆ ನಿರಾಶೆಯಾಗುವುದು ಸಹಜ. ಕಬ್ಬು, ಬತ್ತ, ನಡುನಡುವೆ ತೆಂಗು, ಇಷ್ಟೆ. ಮದ್ದೂರಿನಲ್ಲಿ ಬಸ್ಸು ನಿಂತಾಗ ವಡೆ ಕೊಳ್ಳದೆ ಮುಂದುವರಿಯುವ ಮನೋದಾರ್ಢ್ಯ ನನಗೂ ಇಲ್ಲವೆಂಬುದನ್ನು ಬಿಟ್ಟರೆ, ಅಲ್ಲಿಯವರೆಗೆ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. ಮಳವಳ್ಳಿಯನ್ನು ದಾಟಿ ದಕ್ಷಿಣಕ್ಕೆ ಹೊರಟಮೇಲೆ ನೆಲದ ಚಹರೆಯೇ ಬೇರೆಯಾಗುತ್ತದೆ. ಕಾಲುವೆಯ ಹಸಿರು ವಿರಳವಾಗಿ, ರಾಗಿಯ ಹೊಲಗಳೂ ಕುರುಚಲು ಗಿಡಗಳೂ ಮೊದಲಾಗುತ್ತವೆ; ಬಂಡೆಗಳು ಮಣ್ಣನ್ನು ಸೀಳಿಕೊಂಡು ತಲೆಯೆತ್ತುತ್ತವೆ. ಆಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ನೆಲ ಬಾಯಿಬಿಟ್ಟಂತೆ ಕಾವೇರಿಯ ಕಣಿವೆ ಎದುರಾಗುತ್ತದೆ.

ಶಿವನಸಮುದ್ರದಲ್ಲಿ ನದಿ ಒಂದು ದ್ವೀಪವನ್ನು ಬಳಸಿ ಎರಡು ಕವಲಾಗುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಪೂರ್ವದ ಕವಲು ಭರಚುಕ್ಕಿಯಾಗುತ್ತದೆ. ಮೊದಲನೆಯದನ್ನು ಮಳವಳ್ಳಿಯ ಕಡೆಯ ದಂಡೆಯಲ್ಲಿರುವ ವೀಕ್ಷಣಾ ಗೋಪುರದಿಂದ, ಕಣಿವೆಯ ಆಚೆಗೆ ಕಣ್ಣುಹಾಯಿಸಿ ನೋಡಬೇಕು. ಎರಡನೆಯದು ಕೊಳ್ಳೇಗಾಲದ ಕಡೆಗೆ ಸೇರಿದ್ದು, ಮೆಟ್ಟಲಿಳಿದು ಹತ್ತಿರ ಹೋಗಬಹುದಾದದ್ದು. ನಾನು ಹೋದುದು ಆಗಸ್ಟ್ ತಿಂಗಳಲ್ಲಿ. ಗಗನಚುಕ್ಕಿಯ ನೀರು ಒಂದೇ ಧಾರೆಯಾಗಿ ಬೀಳುವುದಿಲ್ಲ. ಬಂಡೆಯ ಮೈಮೇಲೆ ಮುರಿದು, ಹಾಲಾಗಿ, ಹೊಗೆಯಾಗಿ, ಕೆಳಗಿನ ಕಮರಿಯಲ್ಲಿ ಎಲ್ಲಿಯೋ ಕಾಣದಾಗುತ್ತದೆ. ಬಿದ್ದ ನೀರಿಗಿಂತ ಮೇಲಕ್ಕೆದ್ದ ತುಂತುರೇ ಹೆಚ್ಚೆನ್ನಿಸುತ್ತದೆ.

ಆದರೆ ನೋಡುವವರಲ್ಲಿ ಎಷ್ಟು ಮಂದಿಗೆ ತಾವು ನೋಡುತ್ತಿರುವುದು ಮಿಕ್ಕ ನೀರು ಎಂಬುದು ಹೊಳೆಯುತ್ತದೆಯೋ ಕಾಣೆ. ಜಲಪಾತದ ಮೇಲ್ಗಡೆಯಲ್ಲಿಯೇ ನದಿಯ ಒಂದು ಪಾಲನ್ನು ನಾಲೆಗೆ ತಿರುಗಿಸಿ, ಬೃಹತ್ ಕೊಳವೆಗಳಲ್ಲಿ ಇಳಿಬಿಟ್ಟು, ಕಮರಿಯ ತಳದ ವಿದ್ಯುದಾಗಾರಕ್ಕೆ ಒಯ್ಯಲಾಗಿದೆ. ಆದುದರಿಂದಲೇ ಬೇಸಗೆಯಲ್ಲಿ ಬಂದವನಿಗೆ ಬರಿಯ ಕಪ್ಪು ಬಂಡೆಯ ದರ್ಶನ. ಇದನ್ನು ಪ್ರಕೃತಿಗೆ ಬಗೆದ ದ್ರೋಹವೆನ್ನುವ ರಸಿಕರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಕಣಿವೆಯಲ್ಲಿ ನೋಡತಕ್ಕವುಗಳ ಪೈಕಿ ಆ ವಿದ್ಯುದಾಗಾರಕ್ಕೆ ಜಲಪಾತದ ಪಕ್ಕದಲ್ಲಿಯೇ ಸ್ಥಾನ ಸಲ್ಲಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಲೋಟ್‌ಬಿನಿಯರ್ ಅವರ ಹೊಣೆಯಲ್ಲಿ ಕಟ್ಟಲ್ಪಟ್ಟ ಈ ಆಗಾರ 1902ರ ಜೂನ್ ತಿಂಗಳಲ್ಲಿ ವಿದ್ಯುತ್ತನ್ನು ಕಳುಹಿಸತೊಡಗಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ವಿದ್ಯುತ್ತು ಹೋದುದಾದರೂ ಎಲ್ಲಿಗೆ? ಸುತ್ತಣ ಹಳ್ಳಿಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ. ಗಣಿಗಳ ಬೇಡಿಕೆ ಹೆಚ್ಚಿದಾಗ, ಬೇಸಗೆಯಲ್ಲಿಯೂ ಇಲ್ಲಿಗೆ ತಪ್ಪದೆ ನೀರು ದೊರೆಯಬೇಕೆಂಬುದು 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟೆ ಪ್ರಾರಂಭವಾಗಲು ಒಂದು ಮುಖ್ಯ ಕಾರಣವಾಯಿತು. ಆ ಕಟ್ಟೆಯಿಂದ ಹೊರಟ, ಮೊದಲು ಇರ್ವಿನ್ ಹೆಸರಿನಲ್ಲಿದ್ದು ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ನಾಲೆಯೇ ನಾನು ದಾರಿಯುದ್ದಕ್ಕೂ ಉದಾಸೀನದಿಂದ ನೋಡುತ್ತ ಬಂದ ಕಬ್ಬಿನ ಗದ್ದೆಗಳಿಗೆ ನೀರೂಡಿಸುತ್ತಿರುವುದು. ಮಂಡ್ಯದ ಹಸಿರಿಗೂ ಈ ಕಮರಿಯ ಯಂತ್ರಗಳಿಗೂ ಇರುವ ನಂಟು ಅಷ್ಟು ಹಳೆಯದು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಗಾರ ಮಾತ್ರ ಒಂದು ಶತಮಾನವನ್ನು ದಾಟಿಯೂ ದುಡಿಯುತ್ತಿದೆ. ಅದರ ಸಾಮರ್ಥ್ಯ 42 ಮೆಗಾವಾಟ್. ಒಳಗೆ ಹೋಗಲು ಅಪ್ಪಣೆ ಬೇಕು.

ದ್ವೀಪದಲ್ಲಿ ರಂಗನಾಥನ ಗುಡಿಯಿದೆ. ಶ್ರೀರಂಗಪಟ್ಟಣದವನು ಆದಿರಂಗ, ಶ್ರೀರಂಗದವನು ಅಂತ್ಯರಂಗ, ಇವನು ಮಧ್ಯರಂಗ. ಸೋಮೇಶ್ವರನಿದ್ದಾನೆ, ಗಗನಚುಕ್ಕಿಯ ನೆತ್ತಿಯಲ್ಲಿ ಒಂದು ದರ್ಗಾ ಇದೆ. ಉಮ್ಮತ್ತೂರಿನ ಗಂಗರಾಜನನ್ನು ಕೃಷ್ಣದೇವರಾಯನು ತನ್ನ ಆಳ್ವಿಕೆಯ ಆರಂಭದಲ್ಲಿಯೇ ಮುತ್ತಿ ಮುರಿದುದು ಈ ನೆಲದಲ್ಲಿ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಂತದ್ದು ಹಳೆಯ ಸೇತುವೆಯ ಬಳಿ. ವೆಲ್ಲೆಸ್ಲಿಯ ಹೆಸರಿನದು, ಜನರ ಬಾಯಲ್ಲಿ ವೆಸ್ಲಿ ಸೇತುವೆ. ಹೆಸರು ಆಂಗ್ಲರದಾದರೂ ಕೆಲಸ ನಮ್ಮವರದು: 19ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ಕಟ್ಟಿಸಿದ್ದು. ಇದರಲ್ಲಿ ಕಮಾನುಗಳಿಲ್ಲ. ಹೊಳೆಯ ಬಂಡೆಯಲ್ಲಿಯೇ ಕಲ್ಲಿನ ಕಂಬಗಳನ್ನು ನೆಟ್ಟು, ಗುಡಿಯ ಮಂಟಪಕ್ಕೆ ಮಾಡುವಂತೆ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿದ್ದಾರೆ. ಪ್ರವಾಹದ ನಡುವೆ ನಿಂತ ಉದ್ದನೆಯ ಮಂಟಪವೆಂದರೂ ಸಲ್ಲುತ್ತದೆ. ಎಷ್ಟೋ ಮಳೆಗಾಲಗಳನ್ನು ತಾಳಿಕೊಂಡ ಇದರ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು.

ದೇವಾಲಯಕ್ಕೆ ಭಕ್ತರಿದ್ದಾರೆ, ವಿದ್ಯುದಾಗಾರಕ್ಕೆ ಸರ್ಕಾರವಿದೆ, ಜಲಪಾತಕ್ಕೆ ಜನಜಾತ್ರೆಯೇ ಇದೆ. ವಾಹನಗಳೆಲ್ಲ ಹೊಸ ಸೇತುವೆಗೆ ತಿರುಗಿದ ಮೇಲೆ ಹಳೆಯದನ್ನು ತನ್ನದೆನ್ನುವವರು ಯಾರು? ಬಿದ್ದ ಕಂಬದ ಜಾಗದಲ್ಲಿ ಬೇರೊಂದನ್ನು ನಿಲ್ಲಿಸಬಹುದು; ಆದರೆ ಬಂಡೆಯ ಯಾವ ಕುಳಿಗೆ ಯಾವ ಕಂಬ ಹೇಗೆ ಕೂತಿತ್ತೆಂಬ ತಿಳಿವು ಹೊಳೆಯ ಪಾಲಾದರೆ ಆ ಕಟ್ಟಡವಿದ್ಯೆಯನ್ನು ಯಾರಿಂದ ಕಲಿಯೋಣ? ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲೆಗಳಿಂದ ಪ್ರತಿವರ್ಷ ಮಕ್ಕಳನ್ನು ಇಲ್ಲಿಗೆ ಕರೆತರುವ ಉಪಾಧ್ಯಾಯರಲ್ಲಿ ನನ್ನ ವಿನಂತಿಯಿಷ್ಟೆ: ನೀರಿಳಿದ ಕಾಲದಲ್ಲಿ, ದಡದ ಮೇಲೆಯೇ ನಿಲ್ಲಿಸಿ, ಆ ಕಂಬಗಳನ್ನು ಅವರಿಂದ ಎಣಿಸಿರಿ, ಚಿತ್ರ ಬರೆಯಿಸಿರಿ. ಆ ಹಾಳೆಗಳನ್ನು ಶಾಲೆಯ ಬೀರುವಿನಲ್ಲಿ, ತಾರೀಖು ಹಾಕಿ ಇಟ್ಟುಕೊಳ್ಳಿರಿ.