ಬಾತಿನ ಮರಿ ಹಿಡಿದುಕೊಟ್ಟ ವಿಷ

1960ರಲ್ಲಿ ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗದ ಫಾರಂಗಳಲ್ಲಿ ಟರ್ಕಿ ಕೋಳಿಯ ಮರಿಗಳು ಮೇವು ಬಿಡತೊಡಗಿದವು. ಮೊದಲು ಮಂಕಾದವು. ಆಮೇಲೆ ರೆಕ್ಕೆ ಜೋತುಬಿದ್ದವು. ವಾರ ತುಂಬುವಷ್ಟರಲ್ಲಿ ಸತ್ತವು. ಸತ್ತ ಮರಿಗಳ ಕತ್ತು ಬೆನ್ನಿನ ಕಡೆಗೆ ಸೆಟೆದುಕೊಂಡಿರುತ್ತಿತ್ತು, ಕಾಲುಗಳು ಹಿಂದಕ್ಕೆ ನೀಡಿರುತ್ತಿದ್ದವು. ಕೊಯ್ದು ನೋಡಿದ ಪಶುವೈದ್ಯರ ಕಣ್ಣಿಗೆ ಬಿದ್ದದ್ದು ರಕ್ತ ಒಸರಿದ, ಅಲ್ಲಲ್ಲಿ ಸತ್ತುಹೋದ ಪಿತ್ತಜನಕಾಂಗ ಮತ್ತು ಊದಿದ ಮೂತ್ರಪಿಂಡ. ಕೆಲವೇ ತಿಂಗಳಲ್ಲಿ ಹೀಗೆ ಸತ್ತ ಟರ್ಕಿಗಳ ಲೆಕ್ಕ ಒಂದು ಲಕ್ಷ ದಾಟಿತು. ಕಾರಣವೇ ತಿಳಿಯದ ಕಾಯಿಲೆಗೆ ಏನೆಂದು ಹೆಸರಿಡುವುದು? ‘ಟರ್ಕಿ ಎಕ್ಸ್ ರೋಗ’ ಎಂದು ಕರೆದು ಸುಮ್ಮನಾದರು.

ಸಾಕಿದವರಿಗೆ ಇದು ಒಗಟಾಗಿ ಕಂಡಿತು. ಆ ಮರಿಗಳು ಹಸಿದು ಸತ್ತಿರಲಿಲ್ಲ, ಕೊಳಕು ನೀರು ಕುಡಿದೂ ಸತ್ತಿರಲಿಲ್ಲ. ಅವುಗಳ ತಟ್ಟೆಯಲ್ಲಿದ್ದದ್ದು ಆ ಕಾಲದ ಪೋಷಣಾ ವಿಜ್ಞಾನ ಹೇಳಿಕೊಟ್ಟ ಸಮತೋಲದ ಆಹಾರ. ಬೆಳೆಯುವ ಮರಿಗೆ ಪ್ರೋಟೀನು ಬೇಕು. ಟರ್ಕಿಗೂ ಬಾತಿಗೂ ಮೊದಲ ವಾರಗಳಲ್ಲಿ ಆಹಾರದ ಐದನೆಯ ಒಂದು ಭಾಗಕ್ಕಿಂತ ಹೆಚ್ಚೇ ಬೇಕು. ಮೀನಿನ ಪುಡಿ ದುಬಾರಿ. ಎಣ್ಣೆ ತೆಗೆದ ಶೇಂಗಾ ಹಿಂಡಿ ಅಗ್ಗ, ಅದರ ತೂಕದ ಹತ್ತಿರಹತ್ತಿರ ಅರ್ಧದಷ್ಟು ಪ್ರೋಟೀನೇ. ಹಾಗಾಗಿ ಬ್ರೆಜಿಲಿನಿಂದ, ಆಫ್ರಿಕಾದಿಂದ, ಭಾರತದಿಂದ ಹಡಗುಗಟ್ಟಲೆ ಹಿಂಡಿ ಲಂಡನ್ನಿಗೆ ಬಂದು, ಅಲ್ಲಿನ ಗಿರಣಿಗಳಲ್ಲಿ ಕೋಳಿ ಆಹಾರವಾಗಿ ಫಾರಂಗಳಿಗೆ ಹೋಗುತ್ತಿತ್ತು.

ಮೊದಲ ಸಂಶಯ ಬಿದ್ದದ್ದು ವೈರಸ್ಸಿನ ಮೇಲೆ. ಒಂದು ಫಾರಂ ಆದಮೇಲೆ ಇನ್ನೊಂದು ಖಾಲಿಯಾಗುತ್ತಿರುವಾಗ ಅಂಟುರೋಗವೆಂದೇ ಯಾರಿಗೂ ಅನ್ನಿಸಬೇಕು. ಆದರೆ ಸತ್ತ ಹಕ್ಕಿಯಿಂದ ತೆಗೆದ ದ್ರವವನ್ನು ಆರೋಗ್ಯವಂತ ಹಕ್ಕಿಗೆ ಚುಚ್ಚಿದರೆ ಅದಕ್ಕೆ ಏನೂ ಆಗಲಿಲ್ಲ. ಕಾಯಿಲೆ ಮರಿಗಳ ಜೊತೆಯಲ್ಲೇ ಬಿಟ್ಟ ಮರಿಗಳು ಓಡಾಡಿಕೊಂಡಿದ್ದವು. ಆಗ ಡಬ್ಲ್ಯು. ಪಿ. ಬ್ಲೌಂಟ್ ಎಂಬ ಪಶುವೈದ್ಯ ಸಾವಿನ ಊರುಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದರು. ಬಹುಪಾಲು ಗುರುತುಗಳು ಲಂಡನ್ನಿನಿಂದ ನೂರು ಮೈಲಿಯೊಳಗೇ ಇದ್ದವು. ಆ ಫಾರಂಗಳ ಆಹಾರ ಒಂದೇ ಗಿರಣಿಯಿಂದ ಬಂದಿತ್ತು. ದೂರದ ಚೆಶೈರ್ ಕಡೆಯೂ ಸಾವು ಕಾಣಿಸಿಕೊಂಡು ಈ ಲೆಕ್ಕ ಕೆಡಿಸಿತು. ಅಲ್ಲಿಗೆ ಆಹಾರ ಹೋಗುತ್ತಿದ್ದದ್ದು ಬೇರೆ ಗಿರಣಿಯಿಂದ. ಎರಡೂ ಗಿರಣಿಗಳ ಸಾಮಾನಿನ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎರಡರಲ್ಲೂ ಇದ್ದ ಒಂದು ಹೆಸರು ಎದ್ದು ಕಂಡಿತು: ಬ್ರೆಜಿಲಿನ ಶೇಂಗಾ ಹಿಂಡಿ. ಅದು ಬಂದ ಹಡಗಿನ ಹೆಸರು ರೊಸೆಟ್ಟಿ. ಮುಂದೆ ಪ್ರಯೋಗಾಲಯಗಳಲ್ಲಿ ಆ ಹಿಂಡಿಯನ್ನೇ ‘ರೊಸೆಟ್ಟಿ’ ಎಂದು ಕರೆಯತೊಡಗಿದರು.

ಹಿಂಡಿ ಸಿಕ್ಕಿತು, ವಿಷ ಸಿಗಲಿಲ್ಲ. ಕೀಟನಾಶಕ ಬೆರೆತಿದೆಯೇ ಎಂದು ಹುಡುಕಿದರು, ಇಲ್ಲ. ಲೋಹದ ವಿಷವೇ ಎಂದು ನೋಡಿದರು, ಅದೂ ಇಲ್ಲ. ಪಿತ್ತಜನಕಾಂಗದ ಹಾನಿ ಕೆಲವು ವಿಷದ ಕಳೆಗಿಡಗಳನ್ನು ತಿಂದ ದನಗಳಲ್ಲಿ ಕಾಣುವ ಹಾನಿಯನ್ನೇ ಹೋಲುತ್ತಿತ್ತು. ಶೇಂಗಾದ ಜೊತೆ ಗಿಜಿಗಿಜಿ ಗಿಡದ ಜಾತಿಯ ಬೀಜಗಳೇನಾದರೂ ಸೇರಿಹೋಗಿರಬಹುದೇ ಎಂದು ತಿಂಗಳುಗಟ್ಟಲೆ ಆ ಬೀಜದ ಆಲ್ಕಲಾಯ್ಡ್‌ಗಳಿಗಾಗಿ ತಡಕಾಡಿದರು. ಕೈಗೆ ಏನೂ ಹತ್ತಲಿಲ್ಲ. ಟರ್ಕಿಗಳ ಮೇಲೆ ಪ್ರಯೋಗ ಮಾಡುವುದೂ ಕಷ್ಟ. ಅವು ದೊಡ್ಡ ಹಕ್ಕಿಗಳು, ಸೇರುಗಟ್ಟಲೆ ತಿನ್ನುತ್ತವೆ. ರಸಾಯನಶಾಸ್ತ್ರಜ್ಞ ದಿನವಿಡೀ ಹಿಂಡಿ ತೆಗೆದ ಚಮಚದಷ್ಟು ಸಾರ ಅವುಗಳಿಗೆ ಎಲ್ಲಿಯೂ ಸಾಲದು.

ಈ ಹೊತ್ತಿಗೆ ಬಾತಿನ ಮರಿಗಳೂ ಸಾಯುತ್ತಿದ್ದವು. ಸಾಕಿದವರ ಪಾಲಿಗೆ ಅದು ಇನ್ನೊಂದು ಏಟು. ವೇಬ್ರಿಜ್‌ನ ಕೇಂದ್ರ ಪಶುವೈದ್ಯ ಪ್ರಯೋಗಾಲಯದಲ್ಲಿದ್ದ ರುತ್ ಆಲ್‌ಕ್ರಾಫ್ಟ್, ಆರ್. ಬಿ. ಎ. ಕಾರ್ನಗನ್ ಮತ್ತು ಅವರ ಸಂಗಡಿಗರ ಪಾಲಿಗೆ ಮಾತ್ರ ಅದರಲ್ಲಿ ದಾರಿ ಕಂಡಿತು. ಅದೇ ಹಿಂಡಿಯನ್ನು ಕೋಳಿಮರಿಗೆ ಹಾಕಿದರೆ ಅದು ಸ್ವಲ್ಪ ಸೊರಗಿ ಬದುಕಿಕೊಳ್ಳುತ್ತಿತ್ತು. ಬಾತಿನ ಮರಿ ತಡೆಯುತ್ತಲೇ ಇರಲಿಲ್ಲ. ಮೊಟ್ಟೆಯೊಡೆದು ಒಂದು ದಿನವಾದ ಮರಿಯ ತೂಕ ಸುಮಾರು 50 ಗ್ರಾಂ. ಅಷ್ಟು ಪುಟ್ಟ ಜೀವಕ್ಕೆ ತೊಟ್ಟು ಸಾರವೇ ಸಾಕು. ಇನ್ನೊಂದು ಗುರುತೂ ಇತ್ತು. ವಿಷ ಕೊಲ್ಲುವಷ್ಟಿಲ್ಲದಿದ್ದರೂ ಮರಿಯ ಪಿತ್ತಜನಕಾಂಗದಲ್ಲಿ ಪಿತ್ತನಾಳಗಳ ಜೀವಕೋಶಗಳು ಮಿತಿಮೀರಿ ಹೆಚ್ಚಿಬಿಡುತ್ತಿದ್ದವು. ಆ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ವಿಷ ಇತ್ತೇ, ಇದ್ದರೆ ಎಷ್ಟಿತ್ತು ಎಂದು ಹೇಳಬಹುದಿತ್ತು. ಯಾವ ಯಂತ್ರಕ್ಕೂ ಕಾಣದ ವಿಷವನ್ನು ಅಳೆಯುವ ಮಾಪಕ ಹೀಗೆ ಸಿಕ್ಕಿತು. ಈ ಕತೆಯ ಋಣ ಯಾರಿಗಾದರೂ ಸಲ್ಲಬೇಕಾದರೆ ಮೊದಲು ಆ ಮರಿಗಳಿಗೇ ಸಲ್ಲಬೇಕು.

ಅಲ್ಲಿಂದ ಕೆಲಸ ಚುರುಕಾಯಿತು. ಹಿಂಡಿಯನ್ನು ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆದು, ಸಾರವನ್ನು ಭಾಗ ಮಾಡಿ, ಒಂದೊಂದು ಭಾಗವನ್ನೂ ಒಂದೊಂದು ಗುಂಪು ಮರಿಗಳಿಗೆ ಕೊಟ್ಟರು. ಯಾವ ಗುಂಪು ಸಾಯುತ್ತದೋ ವಿಷ ಆ ಭಾಗದಲ್ಲಿದೆ. ಅದನ್ನು ಮತ್ತೆ ಒಡೆದು, ಮತ್ತೆ ಕೊಟ್ಟರು. ಇದರ ನಡುವೆ ಕೀನ್ಯಾದಿಂದ ಸುದ್ದಿ ಬಂತು: ಅಲ್ಲಿಯೂ ಬಾತಿನ ಮರಿಗಳು ಇದೇ ರೀತಿ ಸಾಯುತ್ತಿವೆ. ಅವು ತಿಂದದ್ದು ಪೂರ್ವ ಆಫ್ರಿಕಾದ್ದೇ ಶೇಂಗಾ, ಬ್ರೆಜಿಲಿನ ಹಿಂಡಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ಹಾಗಾದರೆ ದೋಷ ಒಂದು ದೇಶದ್ದೂ ಅಲ್ಲ, ಒಂದು ಹಡಗಿನದೂ ಅಲ್ಲ. ಮುಂದೆ ಬೇರೆಬೇರೆ ದೇಶಗಳ ಹಿಂಡಿಯನ್ನು ಮರಿಗಳ ಮುಂದಿಟ್ಟಾಗ ಭಾರತದ ಹಿಂಡಿಯೂ ವಿಷದ ಪಟ್ಟಿ ಸೇರಿತು.

ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ವಿಷದ ಹಿಂಡಿಯೊಳಗೆ ಬೂಷ್ಟಿನ ಎಳೆಗಳು ಕಂಡಿದ್ದವು. ಆದರೆ ಎಣ್ಣೆ ತೆಗೆಯುವ ಗಿರಣಿಯ ಕಾವಿನಲ್ಲಿ ಬೆಂದು ಆ ಬೂಷ್ಟು ಸತ್ತುಹೋಗಿತ್ತು. ಎಷ್ಟು ಯತ್ನಿಸಿದರೂ ಬೆಳೆಸಲಾಗಲಿಲ್ಲ. ಬೆಳೆಸದೆ ಹೆಸರು ಹೇಳಲಾಗದು, ಹೆಸರಿಲ್ಲದೆ ಅಪರಾಧ ಹೊರಿಸಲಾಗದು. ಹೀಗೆ ಕೈಕಟ್ಟಿ ಕುಳಿತಿದ್ದಾಗ ಉಗಾಂಡದ ಶೇಂಗಾ ಬೀಜಗಳ ಒಂದು ಮಾದರಿ ಬಂತು. ಗಿರಣಿಯ ಕಾವು ಕಾಣದ, ಬೂಷ್ಟು ಹಿಡಿದ, ಅತಿ ವಿಷದ ಬೀಜಗಳು. ಅದರಲ್ಲಿನ ಬೂಷ್ಟು ಜೀವಂತವಾಗಿತ್ತು! ಅದನ್ನು ಶುದ್ಧ ಶೇಂಗಾದ ಮೇಲೆ ಬೆಳೆಸಿ, ಸಾರ ತೆಗೆದು ಬಾತಿನ ಮರಿಗೆ ಕೊಟ್ಟರು. ಮರಿಯ ಪಿತ್ತಜನಕಾಂಗದಲ್ಲಿ ರೊಸೆಟ್ಟಿ ಹಿಂಡಿ ಮಾಡಿದ್ದ ಗಾಯವೇ ಮೂಡಿತು. ತಜ್ಞರು ಅದನ್ನು ಆಸ್ಪರ್ಜಿಲಸ್ ಫ್ಲೇವಸ್ ಎಂದು ಗುರುತಿಸಿದರು. ಮಣ್ಣಿನಲ್ಲಿ, ಹುಲ್ಲಿನಲ್ಲಿ, ಕಣಜದಲ್ಲಿ ಎಲ್ಲೆಲ್ಲೂ ಇರುವ, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಹಸಿರು-ಹಳದಿ ಬೂಷ್ಟು. ಕೆ. ಸಾರ್ಜೆಂಟ್ ಮತ್ತು ಜೊತೆಗಾರರು 1961ರ ಕೊನೆಗೆ ಇದನ್ನು ಲೋಕಕ್ಕೆ ತಿಳಿಸಿದರು.

ವಿಷ ತನ್ನ ಮುಖವನ್ನೂ ತೋರಿಸಿತು. ಶುದ್ಧಮಾಡಿದ ಸಾರವನ್ನು ಅತಿನೇರಳೆ ಬೆಳಕಿನ ಕೆಳಗೆ ಹಿಡಿದರೆ ಒಂದು ಚುಕ್ಕೆ ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತಿತ್ತು. ಇಂಗ್ಲಿಷಿನ ಬ್ಲೂ, ಗ್ರೀನ್‌ಗಳಿಂದ ನೀಲಿಯದು ‘ಬಿ’, ಹಸಿರಿನದು ‘ಜಿ’ ಆಯಿತು. ಬೂಷ್ಟಿನ ಹೆಸರಿನಿಂದಲೇ ಅಕ್ಷರ ಆಯ್ದು ಒಟ್ಟಿಗೆ ‘ಅಫ್ಲಾಟಾಕ್ಸಿನ್’ ಎಂದರು. 1963ರಲ್ಲಿ ಅಮೆರಿಕದ ಎಂಐಟಿಯ ತಂಡ ಅದರ ಅಣುರಚನೆಯನ್ನು ಬಿಡಿಸಿತು. ಅಷ್ಟರಲ್ಲಿ ಇನ್ನೊಂದು ಭಯ ಹೊರಬಿದ್ದಿತ್ತು: ಅದೇ ಹಿಂಡಿ ತಿಂದ ಇಲಿಗಳಿಗೆ ಆರು ತಿಂಗಳೊಳಗೆ ಪಿತ್ತಜನಕಾಂಗದ ಗಡ್ಡೆಗಳು ಬಂದವು. ಕೋಳಿ ಸಾಕುವವರ ನಷ್ಟದ ಕತೆ ಅಲ್ಲಿಗೆ ಮನುಷ್ಯರ ಕತೆಯಾಯಿತು. 1987ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್ನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿತು.

ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಅಲ್ಲಿಗೆ ನಿಲ್ಲಲಿಲ್ಲ. ಈ ಹಿಂಡಿಯನ್ನು ಹಸುಗಳೂ ತಿನ್ನುತ್ತವೆ. ಹಸುವೇನೋ ನಿಂತೇ ಇದೆ, ಹಾಲೂ ಕೊಡುತ್ತಿದೆ. ಆ ಹಾಲು? ಅದರ ಸಾರವನ್ನು ತೆಗೆದು ಬಾತಿನ ಮರಿಗಳಿಗೆ ಕೊಟ್ಟರು. 1963ರಲ್ಲಿ ಅವರು ಬರೆದ ಉತ್ತರ ಹೈನುಗಾರರ ಎದೆ ನಡುಗಿಸುವಂಥದು: ಮರಿಗಳಲ್ಲಿ ಅದೇ ಪಿತ್ತನಾಳದ ಗಾಯ. ವಿಷ ಹಸುವಿನ ದೇಹದಲ್ಲಿ ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತಿತ್ತು. ಅದಕ್ಕೆ ಮುಂದೆ ‘ಎಂ’ ಎಂದು ಹೆಸರಾಯಿತು. ಹಾಲು ಕಾಯಿಸಿದರೆ ಅದು ಹೋಗುವುದಿಲ್ಲ. ಇವತ್ತು ಭಾರತದಲ್ಲಿ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ‘ಎಂ’ ಬಗೆಯ ‘ಎಂ1’ ಇರಕೂಡದೆಂಬ ಮಿತಿ ಇದೆ. ಆ ಮಿತಿಯ ಬೇರು ಆ ಮರಿಗಳ ಪ್ರಯೋಗದಲ್ಲಿದೆ.

ಶೇಂಗಾ ವಿಷದ ಈ ಸುದ್ದಿ ಮೈಸೂರಿಗೆ ಬಂದದ್ದು ತೀರ ಸಂಕಟದ ಹೊತ್ತಿನಲ್ಲಿ. ಅಲ್ಲಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ದೇಶದ ಬಡಮಕ್ಕಳ ಪ್ರೋಟೀನ್ ಕೊರತೆಗೆ ಉತ್ತರ ಹುಡುಕಿ ವರ್ಷಗಳೇ ಕಳೆದಿದ್ದವು. ಅದು ರೂಪಿಸಿದ್ದ ‘ಬಹೂಪಯೋಗಿ ಆಹಾರ’ದಲ್ಲಿ ಮುಕ್ಕಾಲು ಪಾಲು ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಯಾವುದು ಮಕ್ಕಳನ್ನು ಉಳಿಸಬೇಕಿತ್ತೋ ಅದರ ಮೇಲೇ ಸಂಶಯ ಬಿತ್ತು. 1966ರಲ್ಲಿ ಮೈಸೂರು ರಾಜ್ಯದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಇದೇ ವಿಷಕ್ಕೆ ಬಲಿಯಾದವು. ಅದೇ ವರ್ಷ ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಮಂಡಳಿ ಶೇಂಗಾ ಹಿಟ್ಟಿಗೆ ಕಿಲೋಗೆ 30 ಮೈಕ್ರೋಗ್ರಾಂ ಮಿತಿ ಹಾಕಿತು. ಅದು ನೋವಿನ ಲೆಕ್ಕಾಚಾರ: ಮಿತಿ ಇನ್ನೂ ಬಿಗಿಯಾದರೆ ಹಿಟ್ಟೇ ಇಲ್ಲವಾಗಿ ಮಕ್ಕಳು ಹಸಿವಿನಿಂದ ಸಾಯುತ್ತಾರೆ, ಸಡಿಲವಾದರೆ ವಿಷದಿಂದ. ಸಿಎಫ್‌ಟಿಆರ್‌ಐಯ ವಿ. ಶ್ರೀನಿವಾಸಮೂರ್ತಿ, ಎಚ್. ಎ. ಬಿ. ಪಾರ್ಪಿಯಾ ಮತ್ತು ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಿಂಡಿಯ ವಿಷ ಮುರಿಯುವ ದಾರಿಯನ್ನು 1967ರಲ್ಲಿ ಪ್ರಕಟಿಸಿದರು. 1971ರಲ್ಲಿ ಅವರೂ ಮೈಸೂರಿನ ವೈದ್ಯರೂ ಸೇರಿ ಬರೆದ ವರದಿ ಓದಲು ಎದೆ ಗಟ್ಟಿ ಬೇಕು. ಪೋಷಣೆಗೆಂದು ಕೊಟ್ಟ ಶೇಂಗಾ ಹಿಟ್ಟಿನಲ್ಲಿ ಗೊತ್ತಿಲ್ಲದೆ ಅಫ್ಲಾಟಾಕ್ಸಿನ್ ಇತ್ತು. ಅದನ್ನು ತಿಂದ, ಮೊದಲೇ ಬಡಕಲಾಗಿದ್ದ ಮಕ್ಕಳ ಪಿತ್ತಜನಕಾಂಗ ಗಟ್ಟಿಯಾಗುತ್ತ ಹೋಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಿಗೆ ಈ ಕತೆ ದೂರದ್ದಲ್ಲ. ಶೇಂಗಾ ಘಟ್ಟದ ಮೇಲಿನ ಈ ಮಳೆನಾಡಿನ ಬೆಳೆಯಲ್ಲ. ಹಿಂಡಿ ಬಯಲುಸೀಮೆಯಿಂದ ಚೀಲದಲ್ಲಿ ಬರುತ್ತದೆ, ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಗೋಡೆ ಬೆವರುವ ನಾಡಿದು. ಶೇಂಗಾದ ತೇವ ನೂರಕ್ಕೆ ಒಂಬತ್ತರ ಆಸುಪಾಸು ದಾಟಿ, ಹವೆ 25ರಿಂದ 35 ಡಿಗ್ರಿಯಲ್ಲಿದ್ದರೆ ಆಸ್ಪರ್ಜಿಲಸ್ಸಿಗೆ ಬೇರೇನೂ ಬೇಡ. ಅಡಿಕೆಯ ಕೊಳೆರೋಗವನ್ನು ಇಲ್ಲಿನ ತೋಟಿಗರು ಗೊನೆ ನೋಡಿಯೇ ಹಿಡಿಯುತ್ತಾರೆ, ಮಳೆ ಬಿಡುವು ಕೊಟ್ಟ ದಿನ ಬೋರ್ಡೋ ಮದ್ದು ಹೊಡೆಯುತ್ತಾರೆ. ಹಿಂಡಿಯ ವಿಷಕ್ಕೆ ಆ ಸೂಚನೆಯಿಲ್ಲ. ಬೂಷ್ಟು ಕೆರೆದು ತೆಗೆದರೂ, ಬಿಸಿಲಿಗೆ ಹರವಿದರೂ, ಕಲಗಚ್ಚಿನಲ್ಲಿ ಕುದಿಸಿದರೂ ಒಳಗೆ ಸೇರಿದ್ದು ಪೂರ್ತಿ ಹೋಗದು.

ಮನೆಯಂಗಳದಲ್ಲಿ ನಾಲ್ಕು ಬಾತಿನ ಮರಿ ಸಾಕುವವರಿಗೆ ಬೇಕಾದದ್ದು ಈಗ ತಿಳಿದಿದೆ. ಮೊದಲ ವಾರಗಳಲ್ಲಿ ಸುಮಾರು ಐದನೆಯ ಒಂದು ಭಾಗ ಪ್ರೋಟೀನು. ತಲೆ ಮುಳುಗಿಸಿ ಮೂಗು ತೊಳೆದುಕೊಳ್ಳುವಷ್ಟು ಆಳದ ಕುಡಿಯುವ ನೀರು. ಕೋಳಿಮರಿಗಿಂತ ಬಹಳ ಹೆಚ್ಚು ನಯಾಸಿನ್, ಕಿಲೋ ಆಹಾರಕ್ಕೆ 55 ಮಿಲಿಗ್ರಾಂನಷ್ಟು, ಇಲ್ಲವಾದರೆ ಕಾಲು ಸೊಟ್ಟಗಾಗುತ್ತದೆ. ಬರೀ ನುಚ್ಚಿನಿಂದ ಇದು ಒದಗದು; ಹೊಸ ತೌಡು, ಎರೆಹುಳ, ತೋಟದ ಬಸವನಹುಳ, ಸೊಪ್ಪು ಜೊತೆಗೂಡಬೇಕು. ಹಿಂಡಿ ಹಾಕುವುದಾದರೆ ಮಳೆಗೆ ಮುಂಚೆ ಕೂಡಿಟ್ಟದ್ದನ್ನಲ್ಲ, ಒಣಗಿದ್ದನ್ನು ಸ್ವಲ್ಪಸ್ವಲ್ಪವೇ ತಂದು ಹಾಕಬೇಕು.

ಬಾತಿನ ಮರಿಯೇ ಯಾಕೆ ಮೊದಲು ಸಾಯುತ್ತದೆ ಎಂಬ ಪ್ರಶ್ನೆಗೆ ಉತ್ತರ ತಡವಾಗಿ ಬಂತು. ಅಫ್ಲಾಟಾಕ್ಸಿನ್ ತಾನಾಗಿಯೇ ಕೊಲ್ಲುವುದಿಲ್ಲ. ಪಿತ್ತಜನಕಾಂಗದ ಕಿಣ್ವಗಳು, ಬಂದ ವಿಷವನ್ನು ಹೊರಹಾಕಲೆಂದು ಅದರ ರೂಪ ಬದಲಿಸುವಾಗ, ಅದು ಎಪಾಕ್ಸೈಡ್ ಎಂಬ ಉರಿಗೋಪದ ಅಣುವಾಗಿ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಬಾತಿನ ಮರಿಯ ಪಿತ್ತಜನಕಾಂಗ ಈ ಕೆಲಸವನ್ನು ಬಲು ಚುರುಕಾಗಿ ಮಾಡುತ್ತದೆ. ಕಾಪಾಡುವ ಆತುರವೇ ಅದಕ್ಕೆ ಮುಳುವು. 50 ಗ್ರಾಮಿನ ಮರಿಗೆ ಸುಮಾರು 18 ಮೈಕ್ರೋಗ್ರಾಂ ‘ಬಿ’ ಬಗೆಯ ‘ಬಿ1’ ಸಾಕು, ಸಾವು-ಬದುಕು ಅರೆಪಾಲಾಗಲು. ಕೋಳಿಮರಿ ತೂಕಕ್ಕೆ ತಕ್ಕಂತೆ ಅದರ ಹತ್ತು ಪಟ್ಟಿಗೂ ಹೆಚ್ಚು ತಡೆದುಕೊಳ್ಳುತ್ತದೆ. ಹಾಗಾಗಿ ಒಂದೇ ತಟ್ಟೆಯಲ್ಲಿ ಉಂಡ ಕೋಳಿಗಳು ಕೆದಕುತ್ತ ಓಡಾಡಿಕೊಂಡಿದ್ದು ಬಾತಿನ ಮರಿಗಳಷ್ಟೇ ಸತ್ತರೆ, ಮೇವು ಚೆನ್ನಾಗಿತ್ತು ಎಂಬುದಕ್ಕೆ ಆ ಕೋಳಿಗಳು ಪುರಾವೆಯಲ್ಲ.