ಮುಳಬಾಗಿಲು ದೋಸೆ ಮತ್ತು ಮೆಣಸಿನಕಾಯಿಯ ಖಾರ

ಮುಳಬಾಗಿಲಿನ ಹೋಟೆಲಿನಲ್ಲಿ ಸಂಸಾರ ಸಮೇತ ಕುಳಿತಿದ್ದೀರಿ. ದೋಸೆ ಬಂದಿತು: ದಪ್ಪನೆಯದು, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒಳಮೈಗೆ ಸವರಿದ ಕೆಂಪು ಚಟ್ನಿ ಮಗುವಿನ ನಾಲಿಗೆಗೆ ತಗುಲಿತೋ ಇಲ್ಲವೋ, ಅಳು ಪ್ರಾರಂಭ. ನಿಮ್ಮ ಕೈ ನೀರಿನ ಲೋಟಕ್ಕೆ ಹೋಗುತ್ತದೆ. ತಾಳಿ.

ಖಾರವೆಂಬುದು ನಾಲಿಗೆಯ ರುಚಿಯಲ್ಲ, ಸುಟ್ಟಂತಾಗುವ ಭ್ರಮೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಬಿಸಿಯನ್ನು ಅರಿಯುವ ನರಗಳನ್ನೇ ಕೆಣಕುತ್ತದೆ. ನೀರಿನಲ್ಲಿ ಅದು ಕರಗುವುದು ಅತ್ಯಲ್ಪ. ಹಾಲು ಮೊಸರುಗಳಲ್ಲಿರುವ ಕೇಸೀನ್ ಮಾತ್ರ ಅದನ್ನು ಹಿಡಿದು ತೊಳೆದೊಯ್ಯುತ್ತದೆ. ಒಂದು ಬಟ್ಟಲು ಮೊಸರು ತರಿಸಿ.

ಬಣ್ಣ ಕಂಡು ಖಾರವನ್ನು ಅಳೆಯಬೇಡಿ. ಬ್ಯಾಡಗಿಯದು ಕಡುಗೆಂಪು, ಖಾರ ಕಡಮೆ, ಗುಂಟೂರಿನದು ಹಾಗಲ್ಲ. (ಎರಡರ ಮೂಲವೂ ಅಮೆರಿಕವೇ. ಪೋರ್ಚುಗೀಸರು ತರುವವರೆಗೆ ನಮಗಿದ್ದುದು ಕರಿಮೆಣಸು!) ಮುಂದಿನ ಸಲ, ದೋಸೆ ಹೇಳುವಾಗಲೇ ಮಗುವಿನದಕ್ಕೆ ಚಟ್ನಿ ಸವರದಿರಲು ತಿಳಿಸಿಬಿಡಿ.