ಮಾಗಡಿ ಕೆರೆಯಲ್ಲಿ ತಲೆ ಎಣಿಕೆ

ಶಿರಹಟ್ಟಿ: ಪುಸ್ತಕ ಮುಚ್ಚಿಟ್ಟು ಕೆರೆ ದಂಡೆಗೆ ಕೂತು ಹಕ್ಕಿ ಎಣಿಸುವುದೂ ಒಂದು ಓದೇ? ಓದೇ ಸೈ. ಜೀವಶಾಸ್ತ್ರ ಓದುವವರಿಗೆ ತಾಲೂಕಿನ ಮಾಗಡಿ ಕೆರೆ ಬಯಲು ಪ್ರಯೋಗಶಾಲೆ ಇದ್ದಂತೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆಯುವುದು ಇಲ್ಲೇ. 1987ರಲ್ಲಿ ಶುರುವಾದ ಏಷ್ಯಾ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ದುರ್ಬೀನು, ನೋಟ್‌ಬುಕ್ಕು, ತಾಳ್ಮೆ ಇದ್ದರಾಯಿತು. ಹಿಂಡು ಒಮ್ಮೆ ಎದ್ದಿತೋ, ಲೆಕ್ಕ ಮತ್ತೆ ಒಂದರಿಂದ!

ಆದರೆ ಈ ಅತಿಥಿ ಮೀನಿಗೆ ಬಂದದ್ದಲ್ಲ. ಹಗಲು ಕೆರೆ, ಹೊತ್ತು ಮುಳುಗಿದರೆ ಹೊಲ. ಕಡಲೆ, ಶೇಂಗಾ ಬಿತ್ತಿದವನಿಗೆ ‘ಬಂದಾವ್ರೀ ಹಕ್ಕಿ’ ಎಂಬುದು ಹಿಗ್ಗಿನ ಸುದ್ದಿಯಲ್ಲ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟವೂ ಬಂತು. ಮೇಯ್ದ ಹೊಲದ ಲೆಕ್ಕವನ್ನೂ ಈ ಹುಡುಗ-ಹುಡುಗಿಯರು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ, ರೈತ ಚಹಾ ಕುಡಿಸಿಯೇ ಕಳಿಸುತ್ತಾನೆ.